ಹಳೇ ಮನೆಗೆ ಹೊಸ ವೈರಿಂಗ್: ಜನವರಿಯಿಂದ ಮೇವರೆಗೆ

ಜನವರಿ, ಸಂಕ್ರಾಂತಿ ವಾರ

ಊರಿಗೆ ಹೋದಾಗ ಅಮ್ಮ ಸುಮ್ನೆ ಮಾತಿನ ಮಧ್ಯೆ ಹೇಳಿದರು. "ವಾಷಿಂಗ್ ಮಷಿನ್ ಮುಟ್ಟಿದ್ರೆ ಜುಮ್ ಅಂತದೆ ಮಗಾ. ಚಪ್ಪಲಿ ಹಾಕ್ಕಂಡ್ರೆ ಏನೂ ಇಲ್ಲ." ಬಚ್ಚಲ ಬಾಗಿಲ ಹತ್ತಿರ ಒಂದು ಜೊತೆ ರಬ್ಬರ್ ಚಪ್ಪಲಿ ಯಾಕಿರುತ್ತೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಅದು ಇದಕ್ಕೆ.

ನಮ್ಮದು ಸಾಗರದ ಹತ್ತಿರದ ಹಳ್ಳಿ. ಮಣ್ಣಿನ ಗೋಡೆ, ಹೆಂಚಿನ ಮನೆ. ಅಟ್ಟದ ಮೇಲೆ ಹಾದುಹೋಗುವ ವೈರಿಂಗ್ ನಾನು ಹುಟ್ಟುವುದಕ್ಕಿಂತ ಮೊದಲಿನದು. ಅವತ್ತೇ ಮೇನ್ ಇಳಿಸಿ, ಟೆಸ್ಟರ್ ಹಿಡಿದು ಖಾತ್ರಿ ಮಾಡಿಕೊಂಡು, ಬಚ್ಚಲ ಬೋರ್ಡಿನ ಮುಚ್ಚಳ ಬಿಚ್ಚಿದೆ. ಮೂರು ಪಿನ್ನಿನ ಸಾಕೆಟ್ಟು. ಕೆಳಗಿನ ಎರಡಕ್ಕೂ ವೈರ್ ಇದೆ. ಮೇಲಿನ ದಪ್ಪ ತೂತು ಅರ್ಥ್‌ನದು, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರಿನದು. ಅದರ ಹಿಂದೆ ಖಾಲಿ. ಆ ಹಿತ್ತಾಳೆ ಸ್ಕ್ರೂ ಅಂಗಡಿಯಿಂದ ತಂದ ಹಾಗೇ ಹೊಳೆಯುತ್ತಿತ್ತು, ಒಂದು ಸಲವೂ ಬಿಗಿದ ಗುರುತಿಲ್ಲ. ಗೀಸರ್ ಬೋರ್ಡಿನಲ್ಲಿ ಇನ್ನೂ ಕೆಟ್ಟದ್ದು ಕಂಡಿತು. ನ್ಯೂಟ್ರಲ್‌ನಿಂದ, ಅಂದರೆ ಕರೆಂಟು ವಾಪಸ್ ಹೋಗುವ ವೈರಿನಿಂದ, ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಹಾಕಿ ಜೋಡಿಸಿದ್ದರು. ಮೇಲೆಲ್ಲೋ ನ್ಯೂಟ್ರಲ್ ತುಂಡಾದರೆ ಗೀಸರಿನ ಮೈಗೆಲ್ಲ 230 ವೋಲ್ಟ್ ಬರುತ್ತದೆ. ಆ ತುಂಡನ್ನು ಅಲ್ಲೇ ತೆಗೆದೆ. ಎರಡೂ ಸಾಕೆಟ್ಟಿಗೆ ಟೇಪ್ ಅಂಟಿಸಿ, ಅಮ್ಮನಿಗೆ "ಮುಟ್ಟಬೇಡ" ಅಂದೆ. ನೀರು ಕಾಯಿಸಲು ಹಂಡೆ ಒಲೆ ಇದ್ದೇ ಇತ್ತು.

ಫೆಬ್ರವರಿ

ಬಲ್ಬು, ಫ್ಯಾನು, ಸ್ವಿಚ್ಚು, ಫ್ಯೂಸು ಬದಲಿಸುವುದು ಯಾರು ಬೇಕಾದರೂ ಮಾಡಬಹುದು. ಅದಕ್ಕಿಂತ ಮುಂದಿನ ಕೆಲಸ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕವೇ ಆಗಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮ ಹೇಳುತ್ತದೆ. ಹಾಗಾಗಿ ನಮ್ಮ ಕಡೆಯ ಕಂಟ್ರಾಕ್ಟರ್ ಒಬ್ಬರನ್ನು ಹಿಡಿದೆ. ನಾನು ಅಣ್ಣಾ ಅಂತಲೇ ಕರೆಯುವುದು. ಅವರ ಕೆಲಸದಲ್ಲಿ ನಾನು ಕೈಯಾಳಾಗಿ ಇರುತ್ತೇನೆ, ಅವರು ಕಲಿಸಬೇಕು ಅನ್ನುವ ಒಪ್ಪಂದ. ಬ್ಯಾಂಕಿಗೆ ರಜೆ ಇರುವ ಎರಡನೇ, ನಾಲ್ಕನೇ ಶನಿವಾರ, ಮತ್ತೆ ಎಲ್ಲ ಭಾನುವಾರ.

ಮೊದಲ ಪಾಠ ಕಾಗದದ ಮೇಲೆ. ಮನೆಯ ಒಂದೊಂದು ಪಾಯಿಂಟೂ, ಅಂದರೆ ಬಲ್ಬು, ಫ್ಯಾನು, ಸಾಕೆಟ್ಟು ಎಲ್ಲ, ಎಣಿಸಿ ಬರೆಯಲು ಹೇಳಿದರು. 23 ಪಾಯಿಂಟು, ಎಲ್ಲವೂ ಒಂದೇ ಫ್ಯೂಸಿನ ಮೇಲೆ. ಆ ಫ್ಯೂಸಿಗೆ ಎರಡು ಎಳೆ ತಾಮ್ರದ ತಂತಿ ಸುತ್ತಿದ್ದರು. ವೈರಿಂಗ್‌ಗೆ ನಮ್ಮ ದೇಶದ ಮಾನಕ ಐಎಸ್ 732. ಅಣ್ಣ ಅದರಿಂದ ಕಲಿತ ಲೆಕ್ಕ ಹೀಗಿದೆ: ಒಂದು ಲೈಟ್ ಸರ್ಕ್ಯೂಟಿಗೆ ಹೆಚ್ಚೆಂದರೆ 10 ಪಾಯಿಂಟು ಅಥವಾ 800 ವ್ಯಾಟ್. ಪವರ್ ಸರ್ಕ್ಯೂಟಿಗೆ ಹೆಚ್ಚೆಂದರೆ ಎರಡು ಸಾಕೆಟ್ಟು. ಅದರ ಪ್ರಕಾರ ಹಂಚಿದಾಗ ಲೈಟಿಗೆ ಎರಡು ಸರ್ಕ್ಯೂಟು, ಪವರಿಗೆ ಮೂರು, ಗೀಸರಿಗೆ ಪ್ರತ್ಯೇಕ ಒಂದು ಬಂತು. ಲೈಟಿಗೆ 1.5 ಚದರ ಮಿಲಿಮೀಟರ್ ವೈರ್, ಪವರಿಗೆ 2.5, ಗೀಸರಿಗೆ 4. ಫೇಸ್ (ಕರೆಂಟು ಬರುವ ವೈರ್) ಕೆಂಪು, ನ್ಯೂಟ್ರಲ್ ಕಪ್ಪು, ಅರ್ಥ್ ಹಸಿರು. ಅರ್ಥ್ ವೈರ್ ಫೇಸಿನಷ್ಟೇ ದಪ್ಪ ಇರಬೇಕು. ಉಳಿತಾಯ ಅಂತ ಸಪೂರ ವೈರ್ ಎಳೆಯುವ ಹಾಗಿಲ್ಲ.

ಮಾರ್ಚ್, ಅರ್ಥಿಂಗ್ ಗುಂಡಿ

ಈ ತಿಂಗಳು ನಾನು ಅತಿ ಜಾಸ್ತಿ ಕಲಿತದ್ದು ಮಣ್ಣಿನಲ್ಲಿ.

ಅರ್ಥಿಂಗ್‌ಗೆ, ಅಂದರೆ ಅರ್ಥ್ ವೈರನ್ನು ನೆಲಕ್ಕೆ ಸೇರಿಸುವುದಕ್ಕೆ, ಮಾನಕ ಐಎಸ್ 3043. ಪೈಪ್ ಹುಗಿಯುವುದಾದರೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಎರಡೂವರೆ ಮೀಟರ್ ಉದ್ದಕ್ಕೆ ಕಡಿಮೆ ಇರಬಾರದು. ಮನೆಯ ಅಡಿಪಾಯದಿಂದ ಒಂದೂವರೆ ಮೀಟರ್ ದೂರ ಬೇಕು. ಬಚ್ಚಲ ಹಿಂದೆ, ಬಾಳೆ ಬುಡದ ಆಚೆ ಜಾಗ ನೋಡಿದೆವು. ಬೇಸಿಗೆಯಲ್ಲೂ ಅಲ್ಲಿ ತೇವ ಇರುತ್ತದೆ. ನಾಲ್ಕು ಅಡಿ ಆಗುತ್ತಿದ್ದ ಹಾಗೆ ಜಂಬಿಟ್ಟಿಗೆ ಸಿಕ್ಕಿತು. ಹಾರೆ ಹಾಕಿದರೆ ಠಣ್ ಅನ್ನುತ್ತೆ, ಒಂದು ಹಿಡಿ ಪುಡಿ ಏಳುತ್ತೆ, ಅಷ್ಟೇ. ಉಳಿದ ನಾಲ್ಕೂವರೆ ಅಡಿಗೆ ಎರಡು ಭಾನುವಾರ ಬೇಕಾಯಿತು. ಪೈಪಿನ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ಹಾಕಿ ತುಂಬಿದೆವು.

ಅಣ್ಣ ಅರ್ಥ್ ಟೆಸ್ಟರ್ ತಂದು, ಎರಡು ಗೂಟ ಬಡಿದು, ಕರೆಂಟು ನೆಲಕ್ಕೆ ಇಳಿಯಲು ಎಷ್ಟು ತಡೆ ಇದೆ ಅಂತ ಅಳೆದರು. 20 ಓಮ್.

"ಇದ್ರ ಮೇಲೆ ಒಂದು ಲೆಕ್ಕ ಮಾಡು ತಮಾ" ಅಂದರು. ಮಷಿನಿನೊಳಗೆ ಫೇಸ್ ವೈರ್ ಮೈಗೆ ತಾಗಿತು ಅಂದುಕೋ. ಕರೆಂಟು ಅರ್ಥ್ ವೈರ್ ಹಿಡಿದು ನೆಲಕ್ಕೆ ಹೋಗುತ್ತೆ. 230 ಭಾಗಿಸು 20. ಹನ್ನೊಂದೂವರೆ ಆಂಪಿಯರ್. ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಆಫ್ ಆಗುವ ಸ್ವಿಚ್ಚು, ಎಷ್ಟರದ್ದು? 16. ಹನ್ನೊಂದೂವರೆಗೆ ಅದು ಬೀಳುವುದೇ ಇಲ್ಲ. ಮಷಿನಿನ ಮೈಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅರ್ಥಿಂಗ್ ಮಾಡಿಸಿದರೆ ಮುಗೀತು ಅಂತ ಎಲ್ಲರ ಹಾಗೆ ನಾನೂ ನಂಬಿದ್ದೆ. ಗುಂಡಿ ತೋಡಿ, ಉಪ್ಪು ಹಾಕಿ, ಎಂಸಿಬಿ ಕೂರಿಸಿದ ಮೇಲೂ ಅಮ್ಮನಿಗೆ ಶಾಕ್ ಹೊಡೆಯಬಹುದು ಅಂದರೆ? ಇಲ್ಲಿ ಬೇಕಾಗುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ನೋಡುತ್ತಿರುತ್ತದೆ. ಬರದೇ ಇದ್ದರೆ ಬೀಳುತ್ತದೆ. ಮನೆಗಳಿಗೆ ಅದರ ಮಿತಿ 30 ಮಿಲಿಆಂಪಿಯರ್ ಮೀರಬಾರದು ಅಂತ ನಿಯಮವೇ ಇದೆ. ಹನ್ನೊಂದೂವರೆ ಆಂಪಿಯರ್ ಅದಕ್ಕೆ ಎಷ್ಟೋ ಜಾಸ್ತಿ ಆಯಿತು. ಹಾಗಂತ ಆರ್‌ಸಿಸಿಬಿ ಇದ್ದರೆ ಅರ್ಥಿಂಗ್ ಬೇಡ ಅಂತಲ್ಲ. ಅರ್ಥ್ ಇಲ್ಲದಿದ್ದರೆ ಕರೆಂಟು ಸೋರುವ ದಾರಿ ಮುಟ್ಟಿದವರ ಮೈ. ಅವರಿಗೆ ಒಂದು ಏಟು ಬಿದ್ದ ಮೇಲೇ ಆರ್‌ಸಿಸಿಬಿ ಬೀಳುವುದು.

ಐದು ಮೀಟರ್ ದೂರದಲ್ಲಿ ಎರಡನೇ ಪೈಪ್ ಹುಗಿದು ಜೋಡಿಸಿದೆವು. 11 ಓಮ್‌ಗೆ ಇಳಿಯಿತು.

ಏಪ್ರಿಲ್, ವೈರ್ ಎಳೆದದ್ದು

ಮಣ್ಣಿನ ಗೋಡೆ ಕೊರೆದರೆ ಉದುರುತ್ತದೆ. ಆದ್ದರಿಂದ ಗೋಡೆಯ ಮೇಲೆ ಪಿವಿಸಿ ಕೇಸಿಂಗ್ ಪಟ್ಟಿ, ಅಟ್ಟದಲ್ಲಿ ಪೈಪು. ಹಳೇ ವೈರ್ ಇಳಿಸಿದಾಗ ಇಲಿ ತಿಂದ ಜಾಗ ನಾಲ್ಕು ಸಿಕ್ಕಿತು. ಒಂದು ಕಡೆ ತಾಮ್ರ ಬರಿ ಮೈಯಲ್ಲಿತ್ತು, ಅದರ ಕೆಳಗೇ ಒಣ ಅಡಿಕೆ ಚೀಲ. ಜಾಯಿಂಟ್ ಎಲ್ಲವೂ ಜಂಕ್ಷನ್ ಬಾಕ್ಸಿನೊಳಗೇ ಇರಬೇಕು, ದಾರಿ ಮಧ್ಯೆ ಟೇಪ್ ಸುತ್ತಿ ಬಿಡಬಾರದು ಅನ್ನುವ ನಿಯಮ ಯಾಕೆ ಅಂತ ಅಲ್ಲಿ ಅರ್ಥವಾಯಿತು.

ವೈರ್ ಸುಲಿಯುವುದು ಕೈಗೆ ಬರಲು ಎರಡು ವಾರ ಬೇಕಾಯಿತು. ಬ್ಲೇಡಿನಲ್ಲಿ ಸುಲಿದರೆ ಒಂದೆರಡು ಎಳೆ ಕತ್ತರಿಸಿ ಹೋಗುತ್ತೆ. ಅಣ್ಣ ಸ್ಟ್ರಿಪ್ಪರ್ ಕೊಟ್ಟು, ಸ್ಕ್ರೂ ಬಿಗಿದ ಮೇಲೆ ಪ್ರತಿ ವೈರನ್ನೂ ಒಮ್ಮೆ ಎಳೆದು ನೋಡಲು ಹೇಳಿದರು. ಅವತ್ತು ಏಳು ವೈರ್ ಕೈಗೇ ಬಂದವು. ಬಿಗಿಯಿಲ್ಲದ ಸ್ಕ್ರೂನಲ್ಲಿ ಕಿಡಿ ಹಾರಿ, ಬಿಸಿಯಾಗಿ, ಸಾಕೆಟ್ ಕರಕಲಾಗುವುದು ಹೀಗೇ. ಈಗ ನಾನು ಎಳೆದು ನೋಡದೆ ಮುಚ್ಚಳ ಹಾಕುವುದಿಲ್ಲ.

ಮೇ, ಪರೀಕ್ಷೆ

ಬಲ್ಬು, ಟಿವಿ, ಮಷಿನ್ ಎಲ್ಲ ಕಳಚಿ, 500 ವೋಲ್ಟಿನ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಉಪಕರಣ) ಹಾಕಿದೆವು. ಒಂದು ಮೆಗಾಓಮ್‌ಗಿಂತ ಕಡಿಮೆ ಬರಬಾರದು. ಐದು ಸರ್ಕ್ಯೂಟು ಸರಿ ಇದ್ದವು. ಆರನೆಯದು, ಅಡುಗೆಮನೆಯ ಪವರ್, ಸೊನ್ನೆ. ಕೇಸಿಂಗ್ ಬಿಗಿದ ಸ್ಕ್ರೂ ಒಂದು ವೈರಿನೊಳಗೆ ಇಳಿದಿತ್ತು. ಆ ಸ್ಕ್ರೂ ಹಾಕಿದ್ದು ನಾನು. ವೈರ್ ಪೂರ್ತಿ ಬದಲಿಸಿದೆ.

ಆಮೇಲೆ ಕರೆಂಟು ಕೊಟ್ಟೆವು. ಆರ್‌ಸಿಸಿಬಿ ಎರಡು ಹಾಕಿದ್ದೇವೆ, ಲೈಟಿಗೊಂದು, ಪವರಿಗೊಂದು. ಪವರ್ ಕಡೆ ಏನಾದರೂ ಆದರೆ ಮನೆಯೆಲ್ಲ ಕತ್ತಲಾಗಬಾರದು ಅಂತ. ಎಲ್ಲ ಚೆನ್ನಾಗೇ ಇತ್ತು. ಅಟ್ಟದ ಬಲ್ಬಿನ ಸ್ವಿಚ್ ಹಾಕಿದ ಕೂಡಲೇ ಟಪ್. ಮತ್ತೆ ಎತ್ತಿದೆ, ಮತ್ತೆ ಟಪ್. 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು! ಬಲ್ಬು ಬದಲಿಸಿದೆ, ಹೋಲ್ಡರ್ ಬದಲಿಸಿದೆ. ಮೆಗ್ಗರ್ ಮತ್ತೆ ಹಾಕಿದರೂ ಎಲ್ಲ ಸರಿಯೇ.

ಅಣ್ಣ ಏಣಿಯ ಕೆಳಗೆ ಕೂತು, "ಬಲ್ಬಿನ ನ್ಯೂಟ್ರಲ್ ಎಲ್ಲಿಂದ ತಗಂಡೆ ಮಾರಾಯ?" ಅಂದರು. ಅಟ್ಟದ ಬಾಕ್ಸಿನಲ್ಲಿ ಎರಡು ಕಪ್ಪು ವೈರ್ ಇದ್ದವು. ಹತ್ತಿರ ಇದ್ದದ್ದಕ್ಕೆ ಜೋಡಿಸಿದ್ದೆ. ಅದು ಅಡುಗೆಮನೆ ಪವರಿನದು. ಫೇಸ್ ಲೈಟಿನ ಆರ್‌ಸಿಸಿಬಿಯಿಂದ ಹೋಗಿ, ಪವರಿನ ಆರ್‌ಸಿಸಿಬಿಯಲ್ಲಿ ವಾಪಸ್ ಬರುತ್ತಿತ್ತು. 9 ವ್ಯಾಟ್ ಅಂದರೂ ಸುಮಾರು 40 ಮಿಲಿಆಂಪಿಯರ್. 30 ದಾಟಿತಲ್ವಾ? ಹಳೇ ಫ್ಯೂಸ್ ಇದ್ದಿದ್ದರೆ ಆ ಬಲ್ಬು ವರ್ಷಗಟ್ಟಲೆ ಉರಿಯುತ್ತಿತ್ತು. ಮುಂದೆ ಯಾರೋ ಅಡುಗೆಮನೆ ಎಂಸಿಬಿ ಇಳಿಸಿ, ಕರೆಂಟಿಲ್ಲ ಅಂದುಕೊಂಡು ಆ ಕಪ್ಪು ವೈರ್ ಬಿಚ್ಚಿ ಕೈ ಹಾಕಿದರೆ, ಬಲ್ಬಿನ ಮೂಲಕ ಅವರಿಗೆ ಹೊಡೆಯುತ್ತಿತ್ತು.

ಎಲ್ಲ ನ್ಯೂಟ್ರಲ್‌ಗೂ ಅದರದರ ಎಂಸಿಬಿಯ ನಂಬರ್ ಹಾಕಿದೆ, ಎರಡೂ ತುದಿಗೆ. ಎರಡು ಆರ್‌ಸಿಸಿಬಿಗೆ ಎರಡು ಬೇರೆ ನ್ಯೂಟ್ರಲ್ ಪಟ್ಟಿ. ನಕ್ಷೆಯನ್ನು ಡಿಬಿ (ಎಂಸಿಬಿ ಕೂರಿಸುವ ಪೆಟ್ಟಿಗೆ) ಮುಚ್ಚಳದ ಒಳಗೆ ಅಂಟಿಸಿದೆ. ಅದಕ್ಕೇ ಒಂದು ಸಂಜೆ ಹೋಯಿತು.

ಅಣ್ಣ ಎಲ್ಲವನ್ನೂ ಇನ್ನೊಮ್ಮೆ ಅಳೆದು ಕಂಪ್ಲೀಷನ್ ರಿಪೋರ್ಟಿಗೆ ಸಹಿ ಹಾಕಿದರು. ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಬೇಕು. ಅಮ್ಮ ಅದನ್ನು ಅಮಾವಾಸ್ಯೆ ದಿನಕ್ಕೆ ಇಟ್ಟುಕೊಂಡಿದ್ದಾರೆ. ಮೊನ್ನೆ ಬರಿಗಾಲಲ್ಲೇ ಮಷಿನಿನ ಮುಚ್ಚಳ ತೆಗೆದು, ಅದರ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಬಟ್ಟೆ ತೆಗೆದರು.

ಇನ್ನು ಕೊಟ್ಟಿಗೆ ಬಾಕಿ ಇದೆ. ಅಲ್ಲಿ ಹಾಲು ಕರೆಯುವ ಜಾಗದ ಬಲ್ಬು ಹಳೇ ವೈರಿನ ಮೇಲೇ ಇತ್ತು, ಸದ್ಯಕ್ಕೆ ಕಡಿದಿಟ್ಟಿದ್ದೇವೆ. ನಮಗೆ ಬರೀ ಜುಮ್ ಅನ್ನುವಷ್ಟು ಕರೆಂಟು ಹಸುವಿಗೆ ದೊಡ್ಡ ಏಟು. ನಾಲ್ಕು ಕಾಲೂ ಒದ್ದೆ ನೆಲದಲ್ಲಿ, ಮುಂಗಾಲಿಗೂ ಹಿಂಗಾಲಿಗೂ ಅಷ್ಟು ಅಂತರ. ಗೊಂತಿನ ಕಬ್ಬಿಣದ ಕೊಳವೆ, ನೀರಿನ ನಲ್ಲಿ ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ ಅರ್ಥ್‌ಗೆ ಕಟ್ಟಬೇಕು ಅಂತ ಅಣ್ಣ ಹೇಳಿದ್ದಾರೆ. ಮಳೆ ಹಿಡಿಯುವುದರೊಳಗೆ ಮುಗಿಸಬೇಕು. ಶನಿವಾರ ಸಾಗರಕ್ಕೆ ಹೋಗಿ ಪೈಪು, ಕ್ಲಾಂಪು ತರುತ್ತೇನೆ.