ಅರಗಿನ ಕಾಗದ: ಮಳೆಗಾಲದ ವರದಿ

ಮಾವನ ಬೇಕರಿಯ ಖಾರಾ ಬಿಸ್ಕತ್ತು, ನಿಪ್ಪಟ್ಟು ಕಟ್ಟಲು ಪ್ಲಾಸ್ಟಿಕ್ ಪದರ ಇಲ್ಲದ, ಎಣ್ಣೆ ಸೋರದ ಕಾಗದ ಬೇಕು. ಅದಕ್ಕೆ ಹಚ್ಚುವ ಕೋಟಿಂಗ್ ಹೊಟ್ಟೆಗೆ ಹೋದರೂ ತೊಂದರೆ ಆಗಬಾರದು, ಒಣಗಿಸಲು ಹೊಸದಾಗಿ ಕರೆಂಟು ಸುಡಬಾರದು. ನನ್ನ ಪ್ರಾಜೆಕ್ಟ್ ಅಂದರೆ ಇಷ್ಟೇ. ಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದು ಅಂತ 2018ರ ಆಹಾರ ಪ್ಯಾಕೇಜಿಂಗ್ ನಿಯಮವೇ ಹೇಳುತ್ತದೆ. ಶಾಯಿ ಎಣ್ಣೆಗೆ ಇಳಿಯುತ್ತದಲ್ವಾ.

ಈ ಹುಚ್ಚು ಹಿಡಿದದ್ದು ಕ್ಯಾನ್‌ಗಳ ಬಗ್ಗೆ ಓದುವಾಗ. ತಂಪು ಪಾನೀಯದ ಕ್ಯಾನಿನ ಒಳಗೂ ಒಂದು ತೆಳು ಕೋಟಿಂಗ್ ಇರುತ್ತದೆ, ಇಲ್ಲದಿದ್ದರೆ ಹುಳಿ ಲೋಹವನ್ನೇ ತಿನ್ನುತ್ತದೆ. ಬಹಳ ಕಾಲ ಅದು ಬಿಸ್ಫಿನಾಲ್-ಎ ಅನ್ನೋ ರಾಸಾಯನಿಕ ಸೇರಿಸಿ ಮಾಡಿದ ಎಪಾಕ್ಸಿ ರಾಳ. ಅದನ್ನು ಗಟ್ಟಿ ಮಾಡಲು ಸುಮಾರು 200 ಡಿಗ್ರಿಯ ಒಲೆ ಬೇಕು. 2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಆ ರಾಸಾಯನಿಕದ ದಿನದ ಮಿತಿಯನ್ನು ದೇಹದ ತೂಕದ ಕಿಲೋಗೆ 4 ಮೈಕ್ರೋಗ್ರಾಂನಿಂದ 0.2 ನ್ಯಾನೋಗ್ರಾಂಗೆ ಇಳಿಸಿತು. ಅಂದರೆ 20,000 ಪಟ್ಟು ಕಡಿಮೆ. ಮರುವರ್ಷದ ಕೊನೆಗೆ ಅಲ್ಲಿ ಆಹಾರ ಪ್ಯಾಕಿಂಗ್‌ನಲ್ಲಿ ಅದನ್ನು ನಿಷೇಧಿಸಿದರು. ಕ್ಯಾನ್ ನನ್ನ ಕೈಗೆ ಎಟುಕುವುದಿಲ್ಲ, ಕಾಗದ ಎಟುಕುತ್ತದೆ.

ಅದಕ್ಕೆ ಹಚ್ಚಲು ನಾನು ಆರಿಸಿಕೊಂಡದ್ದು ಅರಗು, ಅಂದರೆ ಶೆಲ್ಲಾಕ್. ಹಳೇ ವಸ್ತು. ಮಾತ್ರೆ, ಮಿಠಾಯಿ, ಸೇಬಿನ ಮೇಲಿನ ಹೊಳಪಿಗೆ ಇ904 ಎಂಬ ಆಹಾರ ಸೇರ್ಪಡೆಯ ಹೆಸರಿನಲ್ಲಿ ಬಳಸುತ್ತಾರೆ. ಚನ್ನಪಟ್ಟಣದಲ್ಲಿ ಗೊಂಬೆ ತಿರುಗುವಾಗ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಾಟದ ಬಿಸಿಗೇ ಅದು ಕರಗಿ ಅಂಟುತ್ತದೆ. ಒಲೆಯೇ ಬೇಡ. ಕಾಗದ ಅಷ್ಟು ಉಜ್ಜಾಟ ತಡೆಯುವುದಿಲ್ಲ, ಹಾಗಾಗಿ ಕರಗಿಸಿಯೇ ಹಚ್ಚಬೇಕು.

ಬಡಗಿಗಳು ಅರಗು ಕರಗಿಸುವ ಸ್ಪಿರಿಟ್ಟಿನಲ್ಲಿ ಮೆಥನಾಲ್ ಅನ್ನೋ ವಿಷ ಇರಬಹುದು, ತಿಂಡಿ ಕಾಗದಕ್ಕೆ ಅದು ಬೇಡವೇ ಬೇಡ. ಶುದ್ಧ ಎಥನಾಲ್ ಅಬಕಾರಿ ಲೆಕ್ಕದ್ದು, ಹವ್ಯಾಸಕ್ಕೆ ಅಂತ ಕೇಳಿದರೆ ಯಾರು ಕೊಡುತ್ತಾರೆ? ಸಿಕ್ಕರೂ ನಮ್ಮ ಹಾಸನದ ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ ಇದೆ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ. ಹೊಳೆಯಬೇಕಾದ ಕಾಗದ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ.

ಹಾಗಾಗಿ ನೀರಿಗೆ ಬಂದೆ. ಅರಗು ಬರೀ ನೀರಿಗೆ ಕರಗದು, ಕ್ಷಾರ ಸೇರಿದರೆ ಕರಗುತ್ತದೆ. ಅಡುಗೆ ಸೋಡಾ ಹಾಕಿದರೆ ಸೋಡಿಯಂ ಕಾಗದದಲ್ಲೇ ಉಳಿದು, ತೇವ ತಾಗಿದಾಗ ಜಿಗುಟಾಗುತ್ತದೆ. ಬೇಕರಿಯವರ ಅಮೋನಿಯಂ ಬೈಕಾರ್ಬೊನೇಟ್ ವಾಸಿ. ಕೆಲಸ ಮುಗಿದ ಮೇಲೆ ಅದು ಅಮೋನಿಯಾ, ಇಂಗಾಲದ ಡೈಆಕ್ಸೈಡ್, ನೀರಾಗಿ ಹಾರಿಹೋಗುತ್ತದೆ. ಅರಗು ಮತ್ತೆ ನೀರಿಗೆ ಕರಗದ ಪದರವಾಗಿ ಉಳಿಯುತ್ತದೆ. ಈಗಿನ ಅಳತೆ: ತಿನ್ನುವ ದರ್ಜೆಯ, ಮೇಣ ತೆಗೆದ ಅರಗು 15 ಗ್ರಾಂ, ನೀರು 100 ಮಿಲಿ, ಬೈಕಾರ್ಬೊನೇಟ್ 2 ಗ್ರಾಂಗಿಂತ ಸ್ವಲ್ಪ ಜಾಸ್ತಿ. ಬೆಚ್ಚಗೆ ಮಾಡಿ ಕದಡುತ್ತಾ ಇರಬೇಕು. ಕಣ್ಣು ಉರಿಯುತ್ತದೆ, ಕಿಟಕಿ ತೆಗೆದಿಡಿ.

"ಏನಪ್ಪಾ ಈ ನಾತ! ಗಿರಾಕಿಗಳು ಓಡಿಹೋಗ್ತಾರೆ" ಅಂದರು ಮಾವ. ಅರಗು ಹುಳದಿಂದ ಬರುತ್ತದೆ ಅಂತ ಗೊತ್ತಾದ ಮೇಲೆ ಇನ್ನೂ ಗರಂ ಆದರು. ಮೊಟ್ಟೆ ಸೇರಿಸದ ಬೇಕರಿ ನೋಡಿ. "ಜೇನು ತಿನ್ನಲ್ವಾ ಮಾವ?" ಅಂದೆ. ಉತ್ತರ ಬರಲಿಲ್ಲ. ಆದರೆ ಅವರ ಮಾತಲ್ಲೂ ನ್ಯಾಯ ಇದೆ. ಕೊಳ್ಳುವವರಿಗೆ ಇದನ್ನು ಹೇಳಲೇಬೇಕು.

ನೀರಿನ ದೊಡ್ಡ ತಕರಾರು ಒಣಗಿಸುವುದು. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು, ಎಥನಾಲ್‌ಗೆ 850ರ ಆಸುಪಾಸು ಸಾಕು. ನೀರಿನದ್ದು ಅಂದ ಕೂಡಲೇ ಕಡಿಮೆ ಶಕ್ತಿಯದ್ದು ಅಂತ ಅಲ್ಲ. ಹೇರ್ ಡ್ರೈಯರ್ ಹಿಡಿದರೆ ಉಳಿಸಿದ್ದೆಲ್ಲ ಅಲ್ಲೇ ಹೋಯಿತು. ಈಗ ಕಾಗದವನ್ನು ಬೇಕರಿ ಒಲೆಯ ಮೇಲಿನ ಅಟ್ಟದಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕುತ್ತಿದ್ದೇನೆ. ಬ್ರೆಡ್ ತೆಗೆದ ಮೇಲೂ ಅಲ್ಲಿ 45 ಡಿಗ್ರಿ ಹತ್ತಿರ ಇರುತ್ತದೆ. ಸುಮ್ನೆ ಹೋಗುತ್ತಿದ್ದ ಶಾಖ ತಾನೇ! ಕೆಳಗೆ ಸಣ್ಣ ಕೋಲು ಭಾರಕ್ಕೆ ಕಟ್ಟದಿದ್ದರೆ ಕಾಗದ ಸುರುಳಿ ಸುತ್ತಿಕೊಳ್ಳುತ್ತದೆ.

ಎಣ್ಣೆ ಪರೀಕ್ಷೆ ಸುಲಭ. ಕಾಗದದ ಮೇಲೆ ಬೆಚ್ಚಗಿನ ಡಾಲ್ಡಾ ಹಚ್ಚಿ, ಕೆಳಗೆ ಬಿಳಿ ಹಾಳೆ ಇಟ್ಟು, ರಾತ್ರಿ ಬಿಡುವುದು. ಸಪಾಟಾಗಿದ್ದಲ್ಲಿ ಒಂದು ಚುಕ್ಕೆಯೂ ಇಳಿಯಲಿಲ್ಲ. ಮಡಿಚಿದಲ್ಲಿ ಮಾತ್ರ ಬಿಳಿ ಹಾಳೆಯ ಮೇಲೆ ಕೂದಲೆಳೆಯಷ್ಟು ಸಪೂರ, ನೇರವಾದ ಎಣ್ಣೆ ಗೆರೆ. ಭೂತಗನ್ನಡಿಯಲ್ಲಿ ನೋಡಿದರೆ ಮಡಿಕೆಯುದ್ದಕ್ಕೂ ಅರಗು ಬಿರುಕು ಬಿಟ್ಟಿದೆ. ಗ್ಲಿಸರಿನ್ ಸೇರಿಸಿದರೆ ಪದರ ಮೆತ್ತಗಾಗುತ್ತದೆ, ಆದರೆ ತೇವ ಎಳೆದುಕೊಳ್ಳುತ್ತದೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಸಕಲೇಶಪುರದ ತೋಟದಿಂದ ಬಂದ ಜೇನುಮೇಣವನ್ನು ಕರಗಿಸಿ, ಮಡಿಕೆ ಬೀಳುವ ಜಾಗಕ್ಕೆ ಮಾತ್ರ ತೆಳುವಾಗಿ ಒರೆಸಿದೆ. ಗೆರೆ ಮುಕ್ಕಾಲು ಪಾಲು ಹೋಯಿತು.

ಬಿಸಿ ಪಫ್‌ಗೆ ಈ ಕಾಗದ ಆಗುವುದಿಲ್ಲ. ಜೇನುಮೇಣ 62-64 ಡಿಗ್ರಿಗೆ ಕರಗುತ್ತದೆ, ಅರಗು 70ರ ಹತ್ತಿರ ಮೆತ್ತಗಾಗುತ್ತದೆ. ಆರಿದ ತಿಂಡಿಗೆ ಮಾತ್ರ.

ಗಿರಾಕಿಗಳಿಗೆ ಇನ್ನೂ ಕೊಟ್ಟಿಲ್ಲ, ಮನೆ ನಿಪ್ಪಟ್ಟಿಗಷ್ಟೇ. ಕಾಗದದಿಂದ ತಿಂಡಿಗೆ ಏನೇನು ಇಳಿಯುತ್ತದೆ ಅಂತ ಪ್ರಯೋಗಾಲಯದಲ್ಲಿ ನೋಡಿಸಬೇಕು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಪ್ಯಾಕೇಜಿಂಗ್ ವಿಭಾಗವೇ ಇದೆ, ಅವರಿಗೆ ಪತ್ರ ಬರೆಯುತ್ತೇನೆ. ಅಷ್ಟರಲ್ಲಿ ಅರಗು ಮತ್ತು ಮೇಣವನ್ನು ಒಂದೇ ನೀರಿನಲ್ಲಿ ಕಲಸಿ, ಒಂದೇ ಸಲ ಹಚ್ಚಲು ಬರುತ್ತದಾ ನೋಡಬೇಕು. ಹಾಗಾದರೆ ಅಟ್ಟ ಹತ್ತುವುದು ಅರ್ಧ ಉಳಿಯುತ್ತದೆ.