ಸಿಪಿಯು ಸುಮ್ಮನಿತ್ತು, ಸಾಲು ಬೆಳೆಯುತ್ತಿತ್ತು

ತಿಂಗಳ ಕೊನೆಯ ದಿನ ಸಂಜೆ ನಮ್ಮ ಅಪ್ಲಿಕೇಶನ್‌ನ ಪುಟಗಳು ತೆರೆಯುವುದೇ ನಿಂತುಹೋದಾಗ ನಾನು ಮೊದಲು ನೋಡಿದ್ದು ಸಿಪಿಯುವನ್ನು. ಅದು ಶೇಕಡಾ 20ರಷ್ಟೂ ದುಡಿಯುತ್ತಿರಲಿಲ್ಲ, ಮೆಮೊರಿಯೂ ಧಾರಾಳವಾಗಿತ್ತು. ನಿಗಾ ಪರದೆಯ ಮೇಲೆ ಎಲ್ಲವೂ ಹಸಿರಾಗಿದ್ದರೂ ಬಳಕೆದಾರರ ಫೋನುಗಳು ಬಿಡುವಿಲ್ಲದೆ ಬರುತ್ತಿದ್ದವು.

ನಮ್ಮದು ಒಂದು ಅಡ್ಮಿನ್ ಸರ್ವರ್, ಅಪ್ಲಿಕೇಶನ್ ನಡೆಸುವ ನಾಲ್ಕು ಮ್ಯಾನೇಜ್ಡ್ ಸರ್ವರ್‌ಗಳಿರುವ ವೆಬ್‌ಲಾಜಿಕ್ (ಜಾವಾ ಅಪ್ಲಿಕೇಶನ್‌ಗಳನ್ನು ನಡೆಸುವ ಸರ್ವರ್ ತಂತ್ರಾಂಶ) ಡೊಮೈನ್. ಹತ್ತು ಹತ್ತು ಸೆಕೆಂಡು ಬಿಟ್ಟು ಜಾವಾದ ಜೆಸ್ಟ್ಯಾಕ್ ಸಾಧನದಿಂದ ಮೂರು ಥ್ರೆಡ್ ಡಂಪ್ (ಕೋರಿಕೆಗಳನ್ನು ನಡೆಸುವ ಎಳೆಗಳು, ಅಂದರೆ ಥ್ರೆಡ್‌ಗಳು, ಆ ಕ್ಷಣ ಏನು ಮಾಡುತ್ತಿವೆ ಎಂಬ ಚಿತ್ರ) ತೆಗೆದಾಗ, ಎರಡನೆಯ ಸರ್ವರ್‌ನ ಬಹುಪಾಲು ಥ್ರೆಡ್‌ಗಳು ಮೂರರಲ್ಲೂ ಕೋಡ್‌ನ ಒಂದೇ ಸಾಲಿನಲ್ಲಿ, ಡೇಟಾಬೇಸ್ ಕನೆಕ್ಷನ್‌ಗಾಗಿ ಕಾಯುತ್ತಾ ನಿಂತಿದ್ದವು. ಎಲ್ಲ ಕೋರಿಕೆಗಳೂ ಹಂಚಿಕೊಳ್ಳುವ ಕನೆಕ್ಷನ್‌ಗಳ ಗುಂಪಾದ ಪೂಲ್‌ನ ಗರಿಷ್ಠ ಮಿತಿ ಮೂಲ ಹೊಂದಾಣಿಕೆಯ 15ರಲ್ಲೇ ಉಳಿದಿತ್ತು. ಆ ಹದಿನೈದನ್ನೂ ತಿಂಗಳ ಲೆಕ್ಕದ ವರದಿಗಳು ಹಿಡಿದುಕೊಂಡಿದ್ದವು. ಕನೆಕ್ಷನ್‌ಗಾಗಿ ಕಾಯುವ ಅವಧಿ ಸಾಮಾನ್ಯವಾಗಿ 10 ಸೆಕೆಂಡು. ದೋಷ ಸಂದೇಶ ಕಾಣಬಾರದೆಂದು ಹಿಂದೆ ಯಾವಾಗಲೋ ಅದನ್ನು ಸೊನ್ನೆ ಮಾಡಲಾಗಿತ್ತು. ಸೊನ್ನೆ ಎಂದರೆ ಎಷ್ಟು ಹೊತ್ತಾದರೂ ಕಾಯುತ್ತಲೇ ಇರು ಎಂದರ್ಥ. ಥ್ರೆಡ್ ಸಿಕ್ಕಿಹಾಕಿಕೊಂಡಿದೆ ಎಂದು ಸರ್ವರ್ ತಾನಾಗಿ ಹೇಳುವುದು 600 ಸೆಕೆಂಡು ಕಳೆದ ಮೇಲೆ. ಅಷ್ಟರಲ್ಲಿ ಬಳಕೆದಾರನ ಹತ್ತು ನಿಮಿಷ ಹೋಗಿರುತ್ತದೆ.

ಇಕ್ಕಟ್ಟನ್ನು ಹಿಡಿಯಬೇಕಾದರೆ ದುಡಿಯುತ್ತಿರುವುದನ್ನಲ್ಲ, ಕಾಯುತ್ತಿರುವುದನ್ನು ಅಳೆಯಬೇಕು. ಲೆಕ್ಕ ಸರಳವಾದದ್ದು: ಸೆಕೆಂಡಿಗೆ 30 ಕೋರಿಕೆಗಳು ಬಂದು, ಪ್ರತಿಯೊಂದೂ ಕನೆಕ್ಷನ್ನನ್ನು 0.2 ಸೆಕೆಂಡು ಹಿಡಿದಿಟ್ಟುಕೊಂಡರೆ ಸರಾಸರಿ 6 ಕನೆಕ್ಷನ್ ಸಾಕು. ಅದೇ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಒಂದು ಸೆಕೆಂಡು ತೆಗೆದುಕೊಳ್ಳತೊಡಗಿದರೆ 30 ಬೇಕು. ಹದಿನೈದರ ಪೂಲ್ ಅಲ್ಲಿಗೆ ಮುಗಿಯಿತು, ಸಿಪಿಯುವಿಗೆ ಅದರ ಸುಳಿವೂ ಸಿಗುವುದಿಲ್ಲ. ವೆಬ್‌ಲಾಜಿಕ್ ತನ್ನ ಥ್ರೆಡ್‌ಗಳನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ ನಿಜ, ಆದರೆ ಇಂಥ ಹೊತ್ತಿನಲ್ಲಿ ಅದರಿಂದ ಬೆಳೆಯುವುದು ಕಾಯುವವರ ಸಾಲು ಮಾತ್ರ.

ಆಮೇಲೆ ವೆಬ್‌ಲಾಜಿಕ್‌ನಲ್ಲೇ ಇರುವ ನಿಗಾ ವ್ಯವಸ್ಥೆಯಾದ ಡಯಾಗ್ನೋಸ್ಟಿಕ್ ಫ್ರೇಮ್‌ವರ್ಕ್‌ನಲ್ಲಿ ಒಂದು ಮಾಡ್ಯೂಲ್ ರಚಿಸಿ ಇಡೀ ಕ್ಲಸ್ಟರ್‌ಗೆ, ಅಂದರೆ ಆ ನಾಲ್ಕು ಸರ್ವರ್‌ಗಳ ಗುಂಪಿಗೆ, ಅನ್ವಯಿಸಿದೆ. ಇದರಲ್ಲಿ ಪ್ರತಿ ಸರ್ವರ್ ತನ್ನ ಅಂಕಿಗಳನ್ನು ತಾನೇ ಸಂಗ್ರಹಿಸುತ್ತದೆ. ಅಡ್ಮಿನ್ ಸರ್ವರ್ ಮೂಲಕ ಎಲ್ಲವನ್ನೂ ಕೇಳುವ ಕ್ರಮ ನನಗೆ ಒಪ್ಪಿಗೆಯಾಗಲಿಲ್ಲ, ಏಕೆಂದರೆ ಒಂದು ಸರ್ವರ್ ಕಟ್ಟಿಕೊಂಡಾಗ ಕೇಳುವ ದಾರಿಯೂ ಅದರೊಂದಿಗೆ ನಿಧಾನವಾಗುತ್ತದೆ. ಮಾದರಿ ತೆಗೆಯುವ ಅಂತರ ಮೊದಲಿಗೆ 3,00,000 ಮಿಲಿಸೆಕೆಂಡು, ಅಂದರೆ ಐದು ನಿಮಿಷ ಇರುತ್ತದೆ. ಅದನ್ನು 30 ಸೆಕೆಂಡಿಗೆ ಇಳಿಸಿದೆ. ಅಳೆಯಲು ಆರಿಸಿಕೊಂಡದ್ದು ಕೆಲವನ್ನೇ: ಡೇಟಾ ಸೋರ್ಸ್‌ನಲ್ಲಿ (ಕನೆಕ್ಷನ್ ಪೂಲ್ ಇರುವ ಭಾಗ) ಕನೆಕ್ಷನ್‌ಗಾಗಿ ಈಗ ಕಾಯುತ್ತಿರುವವರ ಸಂಖ್ಯೆ, ಥ್ರೆಡ್ ಪೂಲ್‌ನಲ್ಲಿ ಬಾಕಿಯಿರುವ ಕೋರಿಕೆಗಳು, ಹೆಚ್ಚು ಹೊತ್ತು ಬಿಡದೆ ಹಿಡಿದುಕೊಂಡಿರುವ ಹಾಗಿಂಗ್ ಥ್ರೆಡ್‌ಗಳು, ಜಾವಾದ ಮೆಮೊರಿಯಾದ ಹೀಪ್‌ನಲ್ಲಿ ಉಳಿದಿರುವ ಜಾಗ.

ಇವುಗಳ ಜೊತೆಗೆ ಕನೆಕ್ಷನ್‌ಗಾಗಿ ಕಾದ ಅತಿ ದೀರ್ಘ ಅವಧಿಯನ್ನೂ ಸೇರಿಸಿದೆ. ಎರಡು ಮಾದರಿಗಳ ನಡುವೆ ಸಾಲು ಏರಿ ಇಳಿದುಹೋದರೆ ತತ್ಕ್ಷಣದ ಸಂಖ್ಯೆ ಸೊನ್ನೆಯನ್ನೇ ತೋರಿಸುತ್ತದೆ, ಆದರೆ ಗರಿಷ್ಠದ ಗುರುತು ಅಳಿಯುವುದಿಲ್ಲ. ನಾಲ್ಕು ಸರ್ವರ್‌ಗಳ ಸರಾಸರಿಯನ್ನು ಮಾತ್ರ ನಂಬಬೇಡಿ ಎಂದು ಈ ಕೆಲಸಕ್ಕೆ ಹೊಸದಾಗಿ ಬರುವವರನ್ನು ಕೇಳಿಕೊಳ್ಳುತ್ತೇನೆ: ಮೂರರಲ್ಲಿ ಸೊನ್ನೆ, ಒಂದರಲ್ಲಿ 40 ಜನ ಕಾಯುತ್ತಿದ್ದರೆ ಸರಾಸರಿ 10 ಎನ್ನುತ್ತದೆ, ಯಾವ ಸರ್ವರ್ ಎಂದು ಹೇಳುವುದಿಲ್ಲ.

ಕಾಯುವವರ ಸಂಖ್ಯೆ ಮೂರನ್ನು ದಾಟಿದರೆ ಇಮೇಲ್ ಬರಬೇಕು, ಜೊತೆಗೆ ಆ ಕ್ಷಣದ ಡಯಾಗ್ನೋಸ್ಟಿಕ್ ಇಮೇಜ್ (ಸರ್ವರ್‌ನ ಸ್ಥಿತಿಯ ದಾಖಲೆ) ಉಳಿಯಬೇಕು ಎಂದು ನಿಯಮ ಹಾಕಿದೆ. ಅಲಾರಂ ಹತ್ತು ನಿಮಿಷದ ಮೇಲಷ್ಟೇ ಮತ್ತೆ ಸಜ್ಜಾಗುವಂತೆ ಇಟ್ಟಿದ್ದೇನೆ. ಇಲ್ಲದಿದ್ದರೆ ಇಮೇಲ್‌ಗಳ ರಾಶಿಯಲ್ಲಿ ಮೊದಲನೆಯದೇ ಕಳೆದುಹೋಗುತ್ತದೆ.

ಮುಂದಿನ ತಿಂಗಳ ಕೊನೆಯಲ್ಲಿ ಸಂಜೆ ಮೊದಲ ಫೋನಿಗಿಂತ ಮುಂಚೆ ಇಮೇಲ್ ಬಂತು, ಸರ್ವರ್‌ನ ಮತ್ತು ಡೇಟಾ ಸೋರ್ಸ್‌ನ ಹೆಸರು ಸಮೇತ. ಈಗ ವರದಿಗಳಿಗೆ ಮೂರೇ ಕನೆಕ್ಷನ್‌ಗಳ ಪ್ರತ್ಯೇಕ ಡೇಟಾ ಸೋರ್ಸ್ ಕೊಟ್ಟಿದ್ದೇವೆ, ಕಾಯುವ ಅವಧಿಯನ್ನು ಮತ್ತೆ 10 ಸೆಕೆಂಡಿಗೆ ತಂದಿದ್ದೇವೆ. ಆ ವರದಿಯ ಕ್ವೆರಿಯನ್ನು ಬಿಡಿಸಿ ಬರೆಯುವ ಕೆಲಸ ಇನ್ನೂ ನಡೆಯುತ್ತಿದೆ.