ಏಳು ಡಾಲರ್ ಬೇಡವೆಂದ ರೆಜಿಮೆಂಟು, ನಮ್ಮ ಅರಿಯರ್ಸ್ (ಬಾಕಿ ಸಂಬಳದ) ಫೈಲು

ಪೇರೋಲ್ ಸೆಕ್ಷನ್‌ಗೆ ಹೊಸಬರು ಸೇರಿದರೆ ಪಿಎಫ್ ಲೆಕ್ಕಕ್ಕೂ ಮುಂಚೆ ಅವರಿಗೆ ಅಮೆರಿಕದ ಅಂತರ್ಯುದ್ಧದ ಕಥೆ ಹೇಳುತ್ತೇನೆ. ಹಿಂದಿನಿಂದ ಆಡಿಕೊಳ್ಳುತ್ತಾರೆ, ಗೊತ್ತು. ಆದರೆ ಸಂಬಳದ ಕೆಲಸ ಕಲಿಸೋಕೆ 54ನೇ ಮ್ಯಾಸಚೂಸೆಟ್ಸ್ ಸ್ವಯಂಸೇವಕ ಪದಾತಿ ರೆಜಿಮೆಂಟಿಗಿಂತ ಒಳ್ಳೆ ಕೇಸು ನನಗಿನ್ನೂ ಸಿಕ್ಕಿಲ್ಲ.

1863ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಜಾನ್ ಆಂಡ್ರ್ಯೂ ಉತ್ತರದ ಸೈನ್ಯಕ್ಕೆಂದು ಕಟ್ಟಿಸಿದ ಪಡೆ ಅದು. ಸೈನಿಕರೆಲ್ಲ ಕಪ್ಪು ಜನ. ಕರ್ನಲ್ ರಾಬರ್ಟ್ ಗೋಲ್ಡ್ ಶಾ ಬಿಳಿಯ, ವಯಸ್ಸು 25. ಜನ ಸೇರಿಸಲು ಓಡಾಡಿದ ಕಪ್ಪು ಜನರ ನಾಯಕ ಫ್ರೆಡರಿಕ್ ಡಗ್ಲಸ್ ತಮ್ಮ ಇಬ್ಬರು ಗಂಡುಮಕ್ಕಳನ್ನೂ ಕಳಿಸಿದ್ದರು. ಬಿಳಿ ಸೈನಿಕನಷ್ಟೇ ಸಂಬಳ, ತಿಂಗಳಿಗೆ 13 ಡಾಲರ್ ಎಂದು ಸೇರಿಸಿಕೊಂಡರು. ಬಟವಾಡೆ ಹೊತ್ತಿಗೆ ಅದು 10 ಆಯಿತು. ಅದರಲ್ಲೂ ಬಟ್ಟೆಗೆಂದು 3 ಕಡಿತ, ಕೈಗೆ 7. 1862ರ ಮಿಲಿಷಿಯಾ ಕಾಯ್ದೆಯಲ್ಲಿ ಕಪ್ಪು ಜನರಿಗೆ ಇಟ್ಟಿದ್ದ ದರವೇ ಅಷ್ಟು, ಕೂಲಿ ಕೆಲಸದವರನ್ನು ಮನಸ್ಸಲ್ಲಿಟ್ಟುಕೊಂಡು ಬರೆದದ್ದು. ಆಫರ್ ಲೆಟರ್ ಒಂದು, ಸ್ಲಿಪ್ಪು ಇನ್ನೊಂದು.

ಅವರು ದುಡ್ಡು ಮುಟ್ಟಲಿಲ್ಲ. ಕೆಲಸ ಮಾತ್ರ ಬಿಡಲಿಲ್ಲ. ಜುಲೈ 18ರಂದು ಚಾರ್ಲ್‌ಸ್ಟನ್ ಹತ್ತಿರ ದಕ್ಷಿಣದವರ ಕೋಟೆ ಫೋರ್ಟ್ ವ್ಯಾಗ್ನರ್ ಮೇಲೆ ನುಗ್ಗಿದ ಸುಮಾರು 600 ಮಂದಿಯಲ್ಲಿ 270ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು ಇಲ್ಲವೇ ಸೆರೆಯಾದರು. ಶಾ ಅಲ್ಲೇ ಸತ್ತ. ಅದಾದ ಮೇಲೂ ಅದೇ ಏಳು ಡಾಲರ್. ಸೆಪ್ಟೆಂಬರ್‌ನಲ್ಲಿ ಕಾರ್ಪೊರಲ್ ಜೇಮ್ಸ್ ಹೆನ್ರಿ ಗುಡಿಂಗ್ ನೇರ ಲಿಂಕನ್‌ಗೇ ಪತ್ರ ಬರೆದು, ನಾವು ಸೈನಿಕರೋ ಕೂಲಿಯವರೋ ಎಂದು ಕೇಳಿದ.

ನಾನು ಹೊಸಬರನ್ನು ನಿಲ್ಲಿಸುವುದು ಇದರ ಮುಂದಿನ ಘಟ್ಟದಲ್ಲಿ. ಆ ನವೆಂಬರ್‌ನಲ್ಲಿ ಕಡಿಮೆ ಬಿದ್ದ ಹಣವನ್ನು ರಾಜ್ಯದ ಖಜಾನೆಯಿಂದ ತುಂಬಿಕೊಡಲು ಮ್ಯಾಸಚೂಸೆಟ್ಸ್ ಶಾಸನಸಭೆ ಒಪ್ಪಿತು. ಪೂರ್ತಿ 13 ಡಾಲರ್ ಕೈಗೆ ಬರುತ್ತಿತ್ತು. ಬೇಡವೆಂದರು! ಮನೆಯಲ್ಲಿ ಹೆಂಡತಿ ಮಕ್ಕಳು ಕಷ್ಟದಲ್ಲಿದ್ದರೂ ಬೇಡವೆಂದರು. ಕೇಂದ್ರ ಸರ್ಕಾರವೇ ಸೈನಿಕನ ಸಂಬಳವೆಂದು ಕೊಡಬೇಕು ಎಂಬುದು ಅವರ ಪಟ್ಟು.

"ದುಡ್ಡು ಸಿಕ್ಕರೆ ಸಾಕಲ್ವಾ ಸರ್?" ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಆಗ ಹಿಂದೆ ನಾನಿದ್ದ ಫ್ಯಾಕ್ಟರಿಯ ವಿಷಯ ತೆಗೆಯುತ್ತೇನೆ. ಗುತ್ತಿಗೆಯವರನ್ನು ಕಾಯಂ ಮಾಡಿದಾಗ ಹಳೆಯ ವ್ಯತ್ಯಾಸಕ್ಕೆಲ್ಲ ಒಂದೇ ಸಲ, ಹಕ್ಕೆಂದಲ್ಲದೆ ಕಂಪನಿ ತಾನಾಗಿ ಕೊಡುವ ಎಕ್ಸ್‌ಗ್ರೇಷಿಯಾ ಕೊಡುವುದಾಗಿ ಮ್ಯಾನೇಜ್‌ಮೆಂಟ್ ಹೇಳಿತು. ಮೊತ್ತ ಚೆನ್ನಾಗಿಯೇ ಇತ್ತು. ಲೇತ್ ಆಪರೇಟರ್ ಒಬ್ಬರು ನನ್ನ ಟೇಬಲ್ ಹತ್ತಿರ ಬಂದು, "ಸರ್, ಇದು ಬೇಸಿಕ್ಕಲ್ಲಿ ಸೇರುತ್ತಾ? ಸರ್ವಿಸ್ ಯಾವತ್ತಿಂದ ಹಿಡೀತೀರಾ?" ಎಂದರು. ಆಳು ಎಸ್‌ಎಸ್‌ಎಲ್‌ಸಿ, ಪ್ರಶ್ನೆ ಮಾತ್ರ ಆಡಿಟರ್‌ದು. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಗೆ ಆಗಿನ ಲೆಕ್ಕವೆಂದರೆ ಕೊನೆಯ ಬೇಸಿಕ್ ಪ್ಲಸ್ ಡಿಎ (ತುಟ್ಟಿಭತ್ಯೆ), ಗುಣಿಸು 15, ಭಾಗಿಸು 26, ಗುಣಿಸು ಸರ್ವಿಸ್ ವರ್ಷ. ಎಕ್ಸ್‌ಗ್ರೇಷಿಯಾ ಅದರ ಹತ್ತಿರವೂ ಸುಳಿಯುವುದಿಲ್ಲ. ದಿನಾಂಕ ಮುಂದೆ ಹೋದರೆ ಹಿಂದಿನ ವರ್ಷಗಳೆಲ್ಲ ಮಾಯ.

ದಿನಾಂಕದ ಆಟ 54ನೆಯವರಿಗೂ ತಪ್ಪಲಿಲ್ಲ. 1864ರ ಜೂನ್‌ನಲ್ಲಿ ಕಾಂಗ್ರೆಸ್ ಸಮಾನ ಸಂಬಳ ಒಪ್ಪಿತು, ಆದರೆ ಆ ವರ್ಷದ ಜನವರಿ 1ರಿಂದ. ಸೇರಿದ ದಿನದಿಂದ ಬೇಕೆಂದರೆ 1861ರ ಏಪ್ರಿಲ್ 19ಕ್ಕೆ ಸ್ವತಂತ್ರನಾಗಿದ್ದೆ ಎಂದು ತೋರಿಸಬೇಕು. ಒಂದೇ ಕಂದಕದಲ್ಲಿ ನಿಂತವರಲ್ಲಿ ಹಳೇ ಗುಲಾಮನಿಗೊಂದು ಲೆಕ್ಕ, ಉಳಿದವರಿಗೊಂದು. ಶಾ ನಂತರ ಬಂದ ಕರ್ನಲ್ ಎಡ್ವರ್ಡ್ ಹ್ಯಾಲೊವೆಲ್ ಕ್ವೇಕರ್ ಮನೆತನದವನು, ಗುಲಾಮಗಿರಿಯೇ ಅನ್ಯಾಯ ಎನ್ನುತ್ತಿದ್ದ ಕ್ರೈಸ್ತ ಪಂಥ ಅದು. "ಆ ತಾರೀಖಿಗೆ ನನ್ನಿಂದ ಬಿಟ್ಟಿ ದುಡಿಮೆ ಕೇಳುವ ಹಕ್ಕು ಯಾರಿಗೂ ಇರಲಿಲ್ಲ" ಎಂಬರ್ಥದ ಪ್ರಮಾಣವಚನವನ್ನು ಸೈನಿಕರಿಗೆ ಬರೆದುಕೊಟ್ಟ. ಗುಲಾಮನಾಗಿದ್ದವನೂ ಸುಳ್ಳಾಡದೆ ಹೇಳಬಹುದಾದ ಮಾತು. ಇಂಥ ಡ್ರಾಫ್ಟಿಂಗ್ ನಮ್ಮ ಲೀಗಲ್‌ನವರಿಂದ ನಾನಂತೂ ಕಂಡಿಲ್ಲ. ಸೆಪ್ಟೆಂಬರ್ ಕೊನೆಗೆ ಪೂರ್ತಿ ಬಾಕಿ ಬಂತು. ಗುಡಿಂಗ್ ಅಷ್ಟರಲ್ಲಿ ದಕ್ಷಿಣದವರ ಆಂಡರ್ಸನ್‌ವಿಲ್ ಸೆರೆಯಲ್ಲಿ ತೀರಿಹೋಗಿದ್ದ.

ನಮ್ಮ ಫ್ಯಾಕ್ಟರಿಯಲ್ಲಿ ಆ ಎಕ್ಸ್‌ಗ್ರೇಷಿಯಾ ಆರ್ಡರ್ ತಿದ್ದಿಸಲು ಮಾರ್ಚ್ ವರ್ಷಾಂತ್ಯ ದಾಟಿತು, ಅಕೌಂಟ್ಸ್‌ನವರು ಇಡೀ ಏಪ್ರಿಲ್ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಅಂದಿನಿಂದ ಯಾವ ಅರಿಯರ್ಸ್ ಫೈಲ್ ಬಂದರೂ ಮೊತ್ತ ಆಮೇಲೆ, ಯಾವ ಹೆಡ್ಡು (ಬಾಬ್ತು), ಯಾವ ತಾರೀಖಿನಿಂದ ಎಂಬುದು ಬರಹದಲ್ಲಿ ಬರುವವರೆಗೆ ಸಿಸ್ಟಮ್‌ನಲ್ಲಿ ರನ್ ಮಾಡುವುದಿಲ್ಲ.